ಯಾರ ಧಾಟಿ, ಯಾರ ಏಟು

ಮುಳಬಾಗಿಲ ಪಕ್ಕದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹದಿನೈದನೇ ಶತಮಾನದ ಈ ಯತಿಗಳು ಸಂಸ್ಕೃತವೇ ಮೊಳಗುತ್ತಿದ್ದ ಮಠದೊಳಗೆ ಕನ್ನಡದ ಹಾಡನ್ನು ಕರೆತಂದು ದೇವರ ಮುಂದೆಯೇ ಕೂರಿಸಿದವರು. ‘ರಂಗವಿಠಲ’ ಅಂಕಿತದ ಅವರ ಕೀರ್ತನೆಗಳು, ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳು ಇವತ್ತಿಗೂ ಅಚ್ಚಿನಲ್ಲಿ ಸಿಗುತ್ತವೆ. ಅವರ ಶಿಷ್ಯರು ವ್ಯಾಸರಾಯರು. ವ್ಯಾಸರಾಯರ ಬಳಗದಲ್ಲಿ ಪುರಂದರದಾಸರು, ಕನಕದಾಸರು. ದಾಸರ ಪದ ಎಂದು ನಾವು ಕರೆಯುವ ಇಡೀ ಹೊಳೆಯ ಹುಟ್ಟುನೀರು ಕೋಲಾರ ಜಿಲ್ಲೆಯ ಈ ಬಂಡೆಗಲ್ಲುಗಳ ನಡುವೆ ಇದೆ ಎಂದರೆ ತಪ್ಪಾಗದು.

ಶ್ರೀಪಾದರಾಜರು ಆ ಹಾಡುಗಳನ್ನು ಹೇಗೆ ಹಾಡುತ್ತಿದ್ದರು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಓಲೆಗರಿಯಲ್ಲಿ ಸಾಹಿತ್ಯ ಉಳಿಯಿತು, ಕೆಲವಕ್ಕೆ ತಲೆಯ ಮೇಲೊಂದು ರಾಗದ ಹೆಸರು, ತಾಳದ ಹೆಸರು ಉಳಿಯಿತು. ನಾವಿಂದು ಕಛೇರಿಯಲ್ಲಿ, ಧ್ವನಿಮುದ್ರಿಕೆಗಳಲ್ಲಿ ಕೇಳುವ ದಾಸರ ಪದಗಳ ಬಹುಪಾಲು ಧಾಟಿಗಳು ಇಪ್ಪತ್ತನೇ ಶತಮಾನದ ಗಾಯಕರು ಕೂಡಿಸಿದವು. ಚೆನ್ನಾಗಿಯೇ ಕೂಡಿಸಿದ್ದಾರೆ, ಆ ಬಗ್ಗೆ ತಕರಾರಿಲ್ಲ. ಆದರೆ ಮಠವಿದ್ದೂ, ಶಿಷ್ಯಪರಂಪರೆಯಿದ್ದೂ, ಬರೆಯಬಲ್ಲ ಕೈಗಳಿದ್ದೂ ಧಾಟಿ ಜಾರಿಹೋಯಿತು. ಹಾಗಿರುವಾಗ ಅದೇ ತಾಲ್ಲೂಕಿನ ಊರಾಚೆಯ ಕೇರಿಯಲ್ಲಿ ಬೆಂಕಿಗೆ ತಮಟೆ ಹಿಡಿದು ಕಾಯಿಸುತ್ತಿದ್ದವನ ವರಸೆಯನ್ನು ಯಾರು ಬರೆದಿಟ್ಟಾರು?

ನಮ್ಮಲ್ಲಿ ಹಾಡು ಕೂಡಿಹಾಕುವ ಕೆಲಸ ತೀರ ಹೊಸದೇನಲ್ಲ. 1871ರಲ್ಲೇ ಚಾರ್ಲ್ಸ್ ಗೋವರ್ ಎಂಬ ಇಂಗ್ಲಿಷರವನು ದಕ್ಷಿಣ ಭಾರತದ ಜನಪದ ಹಾಡುಗಳ ಪುಸ್ತಕವೊಂದನ್ನು ಮದರಾಸಿನಲ್ಲಿ ಪ್ರಕಟಿಸಿದ. ಅದರಲ್ಲಿ ಕನ್ನಡದ ಹಾಡುಗಳಿಗೂ ಜಾಗವಿತ್ತು, ಆದರೆ ಇಂಗ್ಲಿಷ್ ಪದ್ಯಗಳ ರೂಪದಲ್ಲಿ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದರು. ಅದಿಲ್ಲದಿದ್ದರೆ ಮಾತೂ ಉಳಿಯುತ್ತಿರಲಿಲ್ಲ. ಆಮೇಲೆ ವಿಶ್ವವಿದ್ಯಾಲಯಗಳು, ಅಕಾಡೆಮಿ, ಪರಿಷತ್ತುಗಳು ಎಲ್ಲ ಬಂದವು. ಸಂಗ್ರಹಗಳ ಸಾಲು ಬೆಳೆಯಿತು. ಹೆಚ್ಚಿನವುಗಳ ಜಾಡು ಮಾತ್ರ ಒಂದೇ: ಸಾಹಿತ್ಯ ಅಚ್ಚುಕಟ್ಟಾಗಿದೆ, ಧಾಟಿಯ ಸುಳಿವಿಲ್ಲ. ಹಾಡಿದವರ ಹೆಸರು ಸಿಕ್ಕರೆ ಮುನ್ನುಡಿಯ ಕೊನೆಯಲ್ಲಿ, ಮುದ್ರಕರಿಗೆ ಕೃತಜ್ಞತೆ ಹೇಳುವ ಸಾಲಿನ ಆಸುಪಾಸಿನಲ್ಲಿ.

ಹೀಗೇ ಆಗಬೇಕಿರಲಿಲ್ಲ. 1916ರಿಂದ 1918ರ ನಡುವೆ ಇಂಗ್ಲೆಂಡಿನ ಸೆಸಿಲ್ ಶಾರ್ಪ್, ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಹಳ್ಳಿಹಳ್ಳಿ ಸುತ್ತಿದ. ಜೊತೆಯಲ್ಲಿ ಮಾಡ್ ಕಾರ್ಪಲಿಸ್ ಎಂಬ ಯುವತಿ. ಆಕೆ ಹಾಡಿನ ಮಾತನ್ನು ಶೀಘ್ರಲಿಪಿಯಲ್ಲಿ ಹಿಡಿದರೆ ಶಾರ್ಪ್ ಅದೇ ಹೊತ್ತಿಗೆ ಸ್ವರವನ್ನು ಬರೆದುಕೊಳ್ಳುತ್ತಿದ್ದ. ಅವರ ಪುಸ್ತಕದಲ್ಲಿ ಪ್ರತಿ ಹಾಡಿಗೂ ಸ್ವರಲಿಪಿಯಿದೆ. ಅದರ ಜೊತೆಗೇ ಹಾಡಿದವರ ಹೆಸರು, ಊರು, ತಾರೀಖು. ನಾರ್ತ್ ಕ್ಯಾರೊಲಿನಾದ ಹಾಟ್ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿನ ಜೇನ್ ಜೆಂಟ್ರಿ ಎಂಬ ಹೆಂಗಸು ಇವತ್ತಿಗೂ ಸಂಗೀತದ ಚರಿತ್ರೆಯಲ್ಲಿ ಇರುವುದು ಆ ಒಂದು ಸಾಲಿನ ದೆಸೆಯಿಂದ.

ಅದೇ ಬೆಟ್ಟಗಳ ಪಿಟೀಲು ವಾದಕರದು ಇನ್ನೂ ಚೆಂದದ ಕಥೆ. 1966ರಲ್ಲಿ ಅಲನ್ ಜಬೂರ್ ಎಂಬ ಸಂಶೋಧನ ವಿದ್ಯಾರ್ಥಿ, ವರ್ಜೀನಿಯಾದ ಗ್ಲೆನ್ ಲಿನ್ ಎಂಬಲ್ಲಿ ಹೆನ್ರಿ ರೀಡ್ ಎಂಬ ಎಂಬತ್ತು ದಾಟಿದ ಮುದುಕನ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತ. ರೀಡ್ ನುಡಿಸಿದ ಮಟ್ಟುಗಳಲ್ಲಿ ಒಂದರ ಹೆಸರಿನಲ್ಲೇ ಕ್ವಿನ್ಸ್ ಡಿಲಿಯನ್ ಎಂಬ ಇನ್ನೂ ಹಳಬನಿದ್ದಾನೆ. ರೀಡ್ ಹುಡುಗನಾಗಿದ್ದಾಗ ಕಂಡಿದ್ದ ಮುದುಕ ಆತ. 1968ರಲ್ಲಿ ರೀಡ್ ತೀರಿಕೊಂಡ. ಅಷ್ಟರಲ್ಲಿ ಜಬೂರ್ ಮತ್ತು ಗೆಳೆಯರು ಆ ಮಟ್ಟುಗಳನ್ನು ತಾವೇ ಕಲಿತು ನುಡಿಸತೊಡಗಿದ್ದರು. ಆ ಧ್ವನಿಮುದ್ರಣಗಳು ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ಕೇಳಬಹುದು. ಅಲ್ಲಿನ ವಾದಕರಲ್ಲಿ ಒಂದು ರೂಢಿ: ಮಟ್ಟು ನುಡಿಸುವ ಮುಂಚೆ ಅದು ಯಾರಿಂದ ಬಂದದ್ದು ಎಂದು ಹೇಳುವುದು. ನಮ್ಮ ಶಾಸ್ತ್ರೀಯ ಸಂಗೀತಗಾರರು ಗುರುವಿನ ಹೆಸರು ಬಂದಾಗ ಕಿವಿ ಮುಟ್ಟಿಕೊಳ್ಳುವುದಿಲ್ಲವೇ, ಹಾಗೆ. ನಮ್ಮ ಹಳ್ಳಿಯ ಸಂಗೀತಗಾರರಿಗೂ ಗುರುವುಂಟು. ಆದರೆ ವೇದಿಕೆಯ ನಿರೂಪಕರ ಕಾಗದದಲ್ಲಿ ‘ಈಗ ಒಂದು ಜನಪದ ಗೀತೆ’ ಎಂಬಲ್ಲಿಗೆ ಮಾತು ಮುಗಿದಿರುತ್ತದೆ.

ಕೋಲಾರದ ಕಡೆಗೆ ಬಂದರೆ ಈ ಮರೆವಿಗೆ ಇನ್ನೆರಡು ಕಾರಣಗಳು ಸೇರಿಕೊಳ್ಳುತ್ತವೆ. ಒಂದು, ಇಲ್ಲಿನ ದೊಡ್ಡ ವಾದ್ಯಕ್ಕೆ ಸಾಹಿತ್ಯವೇ ಇಲ್ಲ. ಎರಡು, ಇಲ್ಲಿನ ಹಾಡಿಗೆ ಎರಡು ನಾಲಗೆ.

ದೊಡ್ಡ ವಾದ್ಯವೆಂದರೆ ತಮಟೆ. ಗುಂಡನೆಯ ಚೌಕಟ್ಟಿಗೆ ಬಿಗಿದ ಒಂದೇ ಮುಖದ ಚರ್ಮ, ಬಲಗೈಗೆ ಗಿಡ್ಡ ದಪ್ಪ ಕಡ್ಡಿ, ಎಡಗೈಗೆ ಬಳುಕುವ ತೆಳು ಕಡ್ಡಿ. ಒಣಹುಲ್ಲು, ಗರಿ, ರಟ್ಟು ಏನಾದರೂ ಸೇರಿಸಿ ಬೆಂಕಿ ಹಾಕಿ, ಚರ್ಮವನ್ನು ಅದಕ್ಕೆ ತೋರಿಸಿ ಕಾಯಿಸಬೇಕು. ಥಂಡಿ ಹೊಡೆದ ತಮಟೆ ಮಂಕಾಗಿ ಗೊಣಗುತ್ತದೆ, ಕಾದದ್ದು ಮೂರೂರಿಗೆ ಕೇಳುತ್ತದೆ. ಊರಹಬ್ಬದಲ್ಲಿ ದೇವರು ಹೊರಡುವಾಗ ಒಂದು ಏಟು, ಕರಗ ಆಡುವಾಗ ಇನ್ನೊಂದು, ಮದುವೆಗೆ ಮತ್ತೊಂದು, ಹೆಣ ಎತ್ತಿದಾಗ ಬೇರೆಯದೇ. ಮನೆಯೊಳಗೆ ಕೂತವರಿಗೆ ಬೀದಿಯಲ್ಲಿ ಏನು ಹೋಗುತ್ತಿದೆ ಎಂದು ಕಿಟಕಿ ತೆರೆಯದೆಯೇ ತಿಳಿಯುತ್ತಿತ್ತು. ಈ ವರಸೆಗಳನ್ನು ಬರೆದಿಡಲು ನಮ್ಮ ಸಂಗ್ರಾಹಕರ ಕೈಯಲ್ಲಿ ಇದ್ದದ್ದು ಪೆನ್ನು, ಬೇಕಿದ್ದದ್ದು ಕಿವಿ. ಸಾಹಿತ್ಯದ ವಿದ್ಯಾರ್ಥಿಗಳೇ ಜನಪದದ ವಿದ್ಯಾರ್ಥಿಗಳೂ ಆದ ನಾಡಿನಲ್ಲಿ ಮಾತಿಲ್ಲದ ಸಂಗೀತ ‘ವಾದ್ಯಗಳು’ ಎಂಬ ಅಧ್ಯಾಯದಲ್ಲಿ ಅಳತೆ, ಆಕಾರ, ಚರ್ಮದ ವಿವರಕ್ಕೆ ನಿಂತಿತು. ಅದನ್ನು ಬಾರಿಸಿದ ಒಬ್ಬ ಮನುಷ್ಯನ ಕೈಚಳಕ ಇನ್ನೊಬ್ಬನದಕ್ಕಿಂತ ಹೇಗೆ ಬೇರೆ ಎಂಬ ಮಾತು ಅಲ್ಲಿ ಏಳಲೇ ಇಲ್ಲ. ಒಬ್ಬ ಮೃದಂಗ ವಿದ್ವಾಂಸನ ಬಗ್ಗೆ ನಾವು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ಇದರಲ್ಲಿ ಜಾತಿಯ ಲೆಕ್ಕವನ್ನು ಬಿಟ್ಟು ಮಾತಾಡುವುದು ಸುಳ್ಳಾಗುತ್ತದೆ. ತಮಟೆ ಬಾರಿಸುವುದು ಮಾದಿಗರ ಮೇಲೆ ಹೊರಿಸಿದ್ದ ಬಿಟ್ಟಿ ಚಾಕರಿ. ಊರಿಗೆ ಸಾರು ಹಾಕಬೇಕು, ಸಾವಿಗೆ ಬಡಿಯಬೇಕು, ಕೊಟ್ಟದ್ದನ್ನು ಇಸಿದುಕೊಂಡು ದೂರ ನಿಲ್ಲಬೇಕು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದಾಗ ಈ ಚಾಕರಿಯನ್ನು ಬಿಡಿ ಎಂಬ ಕೂಗೂ ಎದ್ದಿತು. ಓದಿದ ಮಕ್ಕಳು ಅಪ್ಪನ ತಮಟೆಯನ್ನು ಅಟ್ಟಕ್ಕೆ ಎಸೆದರು. ಎಸೆದದ್ದು ಸರಿಯಾಗಿಯೇ ಇತ್ತು. ಸಂಗೀತ ಉಳಿಯಲಿ ಎಂಬ ಆಸೆಗೆ ಯಾವುದೋ ಕೇರಿಯ ಹುಡುಗ ಹೆಣದ ಮುಂದೆ ಬಡಿಯುತ್ತಲೇ ಇರಬೇಕು ಎನ್ನುವ ಸಂರಕ್ಷಣೆ ನನಗೆ ಬೇಡ. ಇದನ್ನು ಹೇಳದೆ ‘ನಶಿಸುತ್ತಿರುವ ಕಲೆ’ ಎಂದು ಕೊರಗುವ ಲೇಖನಗಳನ್ನು ಓದಿದಾಗ, ಯಾರ ಮನೆಯಿಂದ ನಶಿಸುತ್ತಿದೆ, ಯಾಕೆ ಎಂದು ಕೇಳಬೇಕೆನಿಸುತ್ತದೆ.

ವಿಚಿತ್ರವೆಂದರೆ ಅದೇ ಚಳವಳಿ ತಮಟೆಯನ್ನು ವಾಪಸು ತಂದದ್ದೂ ಹೌದು. ಜಾಥಾದ ಮುಂದೆ, ಬೀದಿನಾಟಕದಲ್ಲಿ, ಹೋರಾಟದ ಹಾಡಿನ ಹಿಂದೆ ಅದು ಮತ್ತೆ ಮೊಳಗಿತು, ಈ ಸಲ ಬಾರಿಸುವವನ ಇಷ್ಟದಿಂದ. ಮುಂದೆ 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಅವರ ಊರು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರುತ್ತದೆ, 2007ರವರೆಗೆ ಅದೂ ಕೋಲಾರವೇ. ಹದಿಹರೆಯದಲ್ಲಿ ಹಿಡಿದ ತಮಟೆಯನ್ನು ಅವರು ಎಪ್ಪತ್ತು ದಾಟಿದರೂ ಬಿಡಲಿಲ್ಲ, ಕಲಿಯಬಂದವರಿಗೆಲ್ಲ ಹೇಳಿಕೊಟ್ಟರು. ಹೆಸರು ಗೊತ್ತಾದದ್ದು ಒಳ್ಳೆಯದೇ. ಆದರೆ ಪ್ರಶಸ್ತಿ ಬಂದ ವಾರ ಪತ್ರಿಕೆಗಳು ಬರೆದದ್ದು ಬಹುಪಾಲು ಅವರ ಬಡತನದ, ಸರಳತೆಯ ಸುದ್ದಿ. ಅವರ ಕೈಯಲ್ಲಿ ಯಾವ ವರಸೆಗಳಿವೆ, ಯಾರಿಂದ ಬಂದವು ಎಂದು ಕೇಳುವ ಹೊತ್ತಿಗೆ ಪುಟ ತುಂಬಿರುತ್ತಿತ್ತು.

ಈ ಮರೆವು ನಮ್ಮದೊಂದೇ ಅಲ್ಲ. ಶಾರ್ಪ್ ಬೆಟ್ಟ ಸುತ್ತಿದಾಗ ಅವನ ಕಣ್ಣೆಲ್ಲ ಇಂಗ್ಲೆಂಡಿನಿಂದ ಬಂದ ಹಾಡಿನ ಮೇಲಿತ್ತು. ಪಿಟೀಲು, ಬ್ಯಾಂಜೊ ಹಿಡಿದ ಕರಿಯ ಸಂಗೀತಗಾರರನ್ನು ಹಾದುಹೋದ. ಬ್ಯಾಂಜೊ ಆಫ್ರಿಕಾದಿಂದ ಬಂದ ಗುಲಾಮರ ವಾದ್ಯ, ಆದರೂ ಆ ಸಂಗೀತ ಬಿಳಿಯರದೆಂದೇ ಹೆಸರಾಯಿತು. 2005ರ ಸುಮಾರಿಗೆ ಮೂವರು ಕರಿಯ ಯುವ ಕಲಾವಿದರು ನಾರ್ತ್ ಕ್ಯಾರೊಲಿನಾದ ಜೋ ಥಾಮ್ಸನ್ ಎಂಬ ಎಂಬತ್ತಾರು ದಾಟಿದ ಪಿಟೀಲುಗಾರನ ಮನೆಗೆ ಹೋಗಿ ಕೂತು ಕಲಿತರು. ಕ್ಯಾರೊಲಿನಾ ಚಾಕಲೇಟ್ ಡ್ರಾಪ್ಸ್ ಎಂಬ ಅವರ ತಂಡಕ್ಕೆ ಮುಂದೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಹೋದಲ್ಲೆಲ್ಲ ಅವರು ಹೇಳಿದ್ದು ಮುದುಕನ ಹೆಸರನ್ನು.

ಇನ್ನು ಎರಡು ನಾಲಗೆಯ ಮಾತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗಾದ ಹಳ್ಳಿಗಳೇ ಎಷ್ಟೋ. ಮಾಲೂರಿನ ಅಂಚಿಗೆ ಹೊಸೂರಿನ ತಮಿಳು ತಾಗುತ್ತದೆ. ಒಂದೇ ಮದುವೆಮನೆಯಲ್ಲಿ ಹಸೆಗೆ ಕನ್ನಡದ ಸೋಬಾನೆ, ಬೀಗರನ್ನು ಜರೆಯುವುದಕ್ಕೆ ತೆಲುಗು. ಬೈಗುಳಕ್ಕೆ ತೆಲುಗೇ ಚೆನ್ನ ಎಂದು ಅಜ್ಜಿಯರೇ ಹೇಳುತ್ತಿದ್ದರು. ಚೆಕ್ಕಭಜನೆ ತಂಡಗಳು ಹೆಜ್ಜೆ ಹಾಕುತ್ತ ಹಾಡುವುದು ಬಹಳಷ್ಟು ತೆಲುಗಿನಲ್ಲೇ. ಕೈವಾರದ ನಾರೇಯಣ ತಾತಯ್ಯ ತತ್ವಪದಗಳನ್ನು ಎರಡೂ ಭಾಷೆಯಲ್ಲಿ ಕಟ್ಟಿದರು. ಏಕತಾರಿ ಹಿಡಿದು ಅವನ್ನು ಹಾಡುವವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ, ಗುರುಪೂರ್ಣಿಮೆಗೆ ಕೈವಾರದಲ್ಲಿ ಸಂಗೀತ ಹಗಲುರಾತ್ರಿ ನಡೆಯುತ್ತದೆ. ತಾತಯ್ಯನ ಪದಗಳಿಗೆ ಮಠದ ಆಸರೆಯಿತ್ತು. ಹೆಸರಿಲ್ಲದ ಮಿಕ್ಕ ತೆಲುಗು ಹಾಡುಗಳಿಗೆ ಯಾರ ಆಸರೆ? ಬೆಂಗಳೂರಿಗೆ ಅದು ಆಂಧ್ರದ ಸೊತ್ತು, ಆಂಧ್ರದವರಿಗೆ ಅದು ಗಡಿಯಾಚೆಯ ಊರು. ಕನ್ನಡ ಜನಪದ ಎಂಬ ತಲೆಬರಹದ ಕೆಳಗೆ ತೆಲುಗು ಹಾಡನ್ನು ಬರೆದುಕೊಳ್ಳಲು ಎಷ್ಟು ಜನ ಸಂಶೋಧಕರಿಗೆ ಮಾರ್ಗದರ್ಶಕರು ಒಪ್ಪಿಗೆ ಕೊಟ್ಟಾರು? ಧಾಟಿಗೆ ಮಾತ್ರ ಈ ಗಡಿ ಗೊತ್ತಿಲ್ಲ. ಒಂದೇ ಮಟ್ಟಿಗೆ ಬೆಳಿಗ್ಗೆ ಕನ್ನಡ, ಸಂಜೆ ತೆಲುಗು ಹಾಕಿ ಹಾಡುವ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಇದ್ದೇ ಇದ್ದರು.

ಕೆಲಸದ ಹಾಡುಗಳ ಕಥೆ ಇನ್ನೂ ನೇರ. ಹಳ್ಳಿಗೆ ರಾಗಿ ಮಿಲ್ಲು ಬಂದ ವರ್ಷ ಬೀಸುವ ಪದ ನಿಂತಿತು, ಅದಕ್ಕೆ ಯಾರೂ ಅಳಬೇಕಾಗಿಲ್ಲ, ಬೀಸುತ್ತಿದ್ದವರ ತೋಳು ಕೇಳಿದರೆ ಗೊತ್ತಾಗುತ್ತದೆ. ನಾಟಿ ಪದ ಹೋದದ್ದು ಕೆರೆಯ ಜೊತೆ. ಕೆರೆಗಳ ಜಿಲ್ಲೆ ಎಂದೇ ಕೋಲಾರದ ಹೆಸರು. ಕೆರೆ ಬತ್ತಿ, ಕೆರೆಯಂಗಳದಲ್ಲಿ ಜಾಲಿ ಬೆಳೆದು, ಗದ್ದೆಬಯಲು ಕೊಳವೆಬಾವಿಯ ಟೊಮೆಟೊ ತೋಟವಾದಾಗ ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದ ಹೆಂಗಸರ ಕೊರಳು ಒಟ್ಟಾಗುವ ಸಂದರ್ಭವೇ ಇಲ್ಲವಾಯಿತು. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಹರಿಯಿತು, ಅಲ್ಲಿಂದ ಕೆರೆಗೆ ಕೆರೆ ತುಂಬಿದವು. ಆ ನೀರಿನ ಗುಣದ ಬಗ್ಗೆ ಜಗಳ ಇನ್ನೂ ಇದೆ. ನೀರು ಬಂದರೂ ಪದ ಬರಲಿಲ್ಲ, ಬರುವಂತೆಯೂ ಇಲ್ಲ. ಸಾಲಿನಲ್ಲಿ ಎತ್ತಿಕೊಡುತ್ತಿದ್ದ ಹಿರಿಯಳ ಹಿಂದೆ ದನಿಗೂಡಿಸಿಯೇ ಉಳಿದವರು ಕಲಿಯುತ್ತಿದ್ದದ್ದು. ಬೇರೆ ಪಾಠಶಾಲೆ ಅದಕ್ಕೆ ಇರಲಿಲ್ಲ.

ಪಾಠವೆಂದರೆ ಹಾರ್ಮೋನಿಯಂ ಮೇಷ್ಟ್ರು ನೆನಪಾಗುತ್ತಾರೆ. ಜನಪದದ ಪಂಡಿತರು ಇವರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ, ಯಾಕೆಂದರೆ ಇವರು ಅಪ್ಪಟ ಜನಪದವಲ್ಲ, ಶಾಸ್ತ್ರೀಯವೂ ಅಲ್ಲ. ಸುಗ್ಗಿ ಮುಗಿದ ಮೇಲೆ ಊರವರು ‘ಕುರುಕ್ಷೇತ್ರ’ ಆಡಬೇಕೆಂದರೆ ಮೇಷ್ಟ್ರು ಪೆಟ್ಟಿಗೆ ಹೊತ್ತು ಬಂದು ತಿಂಗಳುಗಟ್ಟಲೆ ಉಳಿದು, ಅಕ್ಷರ ಬಾರದ ದುರ್ಯೋಧನನಿಗೂ ಬಾಯಿಪಾಠ ಮಾಡಿಸಿ, ಭೀಮನ ಕಿರಿಚಲು ದನಿಯನ್ನು ಶ್ರುತಿಗೆ ತರುತ್ತಿದ್ದರು. ಒಂದೇ ಪೆಟ್ಟಿಗೆಯಿಂದ ಕಂಪನಿ ನಾಟಕದ ಮಟ್ಟು, ತೆಲುಗು ಪದ್ಯನಾಟಕದ ಎಳೆತ, ಕೇಳಿಕೆ ಎಂಬ ಹಳೆಯ ಬಯಲಾಟದ ಧಾಟಿ ಎಲ್ಲ ಹೊರಡುತ್ತಿತ್ತು. ಎಣ್ಣೆಗರೆಯ ನೋಟುಪುಸ್ತಕದಲ್ಲಿ ಪ್ರತಿ ಕಂದದ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಬರೆದುಕೊಂಡಿರುತ್ತಿದ್ದರು. ಒಬ್ಬ ಮೇಷ್ಟ್ರ ತಲೆಯಲ್ಲಿದ್ದ ಮಟ್ಟುಗಳು ಒಂದು ತಾಲ್ಲೂಕಿನ ಸಂಗೀತ ಚರಿತ್ರೆಗೆ ಸಾಕಾಗುವಷ್ಟು. ಸಂಗ್ರಹಕ್ಕೆ ಹೊರಟವರು ಮೊದಲು ಬಾಗಿಲು ತಟ್ಟಬೇಕಾದದ್ದು ಇವರದು ಎಂಬುದು ನನ್ನ ಎಣಿಕೆ.

ಹಾಗೆಂದು ಏನೂ ನಡೆದಿಲ್ಲ ಎನ್ನಲಾಗದು. ಕೋಲಾರಕ್ಕೆ ಒತ್ತಿಕೊಂಡಿರುವ ಅಂತರಗಂಗೆಯ ಬೆಟ್ಟಸಾಲಿನಲ್ಲಿ, ತೇರಹಳ್ಳಿ ಬೆಟ್ಟದ ಮೇಲೆ, ‘ಆದಿಮ’ ಇದೆ. ನಾಟಕಕಾರ, ಹೋರಾಟದ ಹಾಡುಗಳ ಕವಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ದಿನಕ್ಕೊಂದು ರೂಪಾಯಿಯಂತೆ ಕೂಡಿಹಾಕಿ ಕಟ್ಟಿದ ಸಾಂಸ್ಕೃತಿಕ ಕೇಂದ್ರ ಅದು. ಅಲ್ಲಿ ಹುಣ್ಣಿಮೆಯ ರಾತ್ರಿ ‘ಹುಣ್ಣಿಮೆ ಹಾಡು’ ಎಂಬ ಕಾರ್ಯಕ್ರಮ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಬಯಲಿನಲ್ಲಿ ಕೂತು ತಮಟೆ, ತತ್ವಪದ, ನಾಟಕ ನೋಡಲು ಸುತ್ತಲ ಹಳ್ಳಿಯವರೂ ಬೆಂಗಳೂರಿನವರೂ ಬೆಟ್ಟ ಹತ್ತಿದರು. ಪಿಚ್ಚಳ್ಳಿ ಶ್ರೀನಿವಾಸ್ ಅವರಂಥ ಗಾಯಕರು ಇದೇ ಜಿಲ್ಲೆಯ ಹಳ್ಳಿಯ ಧಾಟಿಯನ್ನು ಚಳವಳಿಯ ವೇದಿಕೆಗೂ, ಅಲ್ಲಿಂದ ನಾಡಿನುದ್ದಕ್ಕೂ ಒಯ್ದರು. ಮುಂದೆ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆದರು. ಇವರೆಲ್ಲರ ದಾರಿ ಸಂಗ್ರಹಾಲಯದ ದಾರಿಯಲ್ಲ, ಹಾಡಿ ಉಳಿಸುವ ದಾರಿ. ಜಬೂರ್ ಮಾಡಿದ್ದರ ಅರ್ಧ ಭಾಗ. ಇನ್ನರ್ಧ, ಎಂದರೆ ಯಾರಿಂದ ಯಾರಿಗೆ ಎಂಬ ದಾಖಲೆ, ಬಾಕಿಯಿದೆ.

ಸಂಗೀತಗಾರರನ್ನು ಬರಹದಲ್ಲಿ ಹಿಡಿದಿಡುವ ಕಲೆ ಈ ಜಿಲ್ಲೆಗೆ ಗೊತ್ತಿಲ್ಲದ್ದೇನಲ್ಲ ಎಂಬುದು ಇಲ್ಲಿಯ ತಮಾಷೆ. ಡಿ.ವಿ.ಜಿ. ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಅವರ ‘ಜ್ಞಾಪಕ ಚಿತ್ರಶಾಲೆ’ಯ ಒಂದು ಇಡೀ ಸಂಪುಟ, ‘ಕಲೋಪಾಸಕರು’, ವೀಣೆ ಶೇಷಣ್ಣನವರಂಥ ಕಲಾವಿದರಿಗೆ ಮೀಸಲು. ಅವರ ನಡೆ, ನುಡಿ, ಹಟ, ಹಾಸ್ಯ ಎಲ್ಲ ಅಲ್ಲಿದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರು 1928ರಲ್ಲಿ ಬರೆದ ‘ಸುಬ್ಬಣ್ಣ’ದ ನಾಯಕ ಒಬ್ಬ ಸಂಗೀತಗಾರ. ಕನ್ನಡದಲ್ಲಿ ಸಂಗೀತಗಾರನ ಒಳಬಾಳಿನ ಬಗ್ಗೆ ಅಷ್ಟು ಮೆಲುದನಿಯಲ್ಲಿ ಬರೆದದ್ದು ವಿರಳ. ಇಬ್ಬರು ದೊಡ್ಡವರು, ಎರಡೂ ನಮ್ಮವೇ ತಾಲ್ಲೂಕುಗಳು. ಅವರ ಕಿವಿಗೂ ಊರಹಬ್ಬದ ತಮಟೆ ಬಿದ್ದಿರಲೇಬೇಕು. ಆದರೆ ಚಿತ್ರಶಾಲೆಯಲ್ಲಿ ಚಿತ್ರ ಸಿಕ್ಕಿದ್ದು ವೀಣೆಯವರಿಗೆ. ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ, ಆ ಕಾಲದ ಕಿವಿ ಎಲ್ಲಿಯವರೆಗೆ ತೆರೆದಿತ್ತು ಎಂಬುದಕ್ಕೆ ಹೇಳಿದೆ.

ಈಗಿನ ಕಾಲಕ್ಕೆ ಆ ನೆಪವಿಲ್ಲ. ಪ್ರತಿ ಕೈಯಲ್ಲೂ ಮೊಬೈಲಿದೆ, ಪ್ರತಿ ಜಾತ್ರೆಯೂ ವಿಡಿಯೊ ಆಗುತ್ತದೆ. ತಮಟೆಗೆ ಫೈಬರ್ ಹಾಳೆ ಬಂದಿದೆ, ಕಾಯಿಸುವ ಗೋಜಿಲ್ಲ, ಮಳೆಗೂ ಜಗ್ಗುವುದಿಲ್ಲ. ಅದರ ದನಿ ನನ್ನ ಕಿವಿಗೆ ಡಬ್ಬ ಬಡಿದಂತೆ, ಆದರೆ ಮಳೆಗಾಲದಲ್ಲಿ ಬಾರಿಸಿ ಹೊಟ್ಟೆ ಹೊರೆಯುವವರನ್ನು ಕೇಳಿದರೆ ಬೇರೆ ಮಾತು ಹೇಳಿಯಾರು. ಕೊರತೆಯಿರುವುದು ಧ್ವನಿಮುದ್ರಣದಲ್ಲಲ್ಲ. ಯೂಟ್ಯೂಬಿನಲ್ಲಿ ‘ಕೋಲಾರ ತಮಟೆ’ ಎಂದು ಹುಡುಕಿದರೆ ಸಿಗುವ ತುಣುಕುಗಳ ಕೆಳಗೆ ಚಾನೆಲ್ಲಿನ ಹೆಸರಿರುತ್ತದೆ, ಚಂದಾದಾರರಾಗಿ ಎಂಬ ಕೋರಿಕೆ ಇರುತ್ತದೆ, ಬಾರಿಸಿದವರ ಹೆಸರಿರುವುದು ಅಪರೂಪ.

ಇದು ಬರಿ ಸೌಜನ್ಯದ ಪ್ರಶ್ನೆಯೂ ಅಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆಯಲ್ಲಿ 1994ರಿಂದ ಪ್ರದರ್ಶಕರ ಹಕ್ಕು ಎಂಬುದಿದೆ. ಯಾರು ಪ್ರದರ್ಶಕರು ಎಂಬ ಕಾಯಿದೆಯ ಪಟ್ಟಿಯಲ್ಲಿ ಗಾಯಕ, ವಾದಕ, ನರ್ತಕರ ಜೊತೆ ದೊಂಬರಾಟದವರು, ಹಾವಾಡಿಗರೂ ಇದ್ದಾರೆ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರದರ್ಶನ ತನ್ನದೆಂದು ಗುರುತಿಸಲ್ಪಡುವ ಹಕ್ಕನ್ನೂ ಕೊಟ್ಟಿತು. ಹಾಡು ಯಾರು ಕಟ್ಟಿದ್ದೆಂದು ತಿಳಿಯದಿರಬಹುದು, ಅದು ಊರಿನ ಆಸ್ತಿಯೇ ಇರಬಹುದು. ಆದರೆ ಇವತ್ತು ಈ ಜಾತ್ರೆಯಲ್ಲಿ ಹಾಡಿದ ದನಿಗೆ ಹೆಸರಿದೆ, ಆ ಹೆಸರನ್ನು ಹೇಳಬೇಕೆಂದು ಕೇಳುವ ಹಕ್ಕೂ ಇದೆ. ಸಿನಿಮಾದ ಹೆಸರುಪಟ್ಟಿಯಲ್ಲಿ ‘ಸಾಹಿತ್ಯ: ಜಾನಪದ’ ಎಂದು ಬರೆದು ಕೈತೊಳೆದುಕೊಳ್ಳುವವರಿಗೂ, ಧಾಟಿ ಯಾರ ಬಾಯಿಂದ ಕಲಿತದ್ದು ಎಂಬುದು ಸಾಮಾನ್ಯವಾಗಿ ಚೆನ್ನಾಗಿಯೇ ಗೊತ್ತಿರುತ್ತದೆ.

ದಾಖಲೆ ಮಾಡಲು ದೊಡ್ಡ ಯೋಜನೆ ಬೇಕೇ ಬೇಕೆಂದಿಲ್ಲ. ಆರ್ನಾಲ್ಡ್ ಬೇಕ್ ಎಂಬ ಡಚ್ ವಿದ್ವಾಂಸ 1938ರಲ್ಲಿ ದಕ್ಷಿಣ ಭಾರತದಲ್ಲಿ ಮುದ್ರಿಸಿಕೊಂಡಿದ್ದ ಸಂಗೀತವನ್ನು ಹೊತ್ತು, ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಮತ್ತೆ ಸುತ್ತಿದರು. ಅವೇ ಊರುಗಳಿಗೆ ಹೋಗಿ, ಹಳೆಯ ದನಿಯನ್ನು ಕೇಳಿಸಿ, ಏನು ಉಳಿದಿದೆ ಏನು ಬದಲಾಗಿದೆ ಎಂದು ನೋಡಿದರು. ಊರು, ಜನ, ಸಂದರ್ಭಗಳ ಟಿಪ್ಪಣಿ ಇದ್ದದ್ದರಿಂದ ಅದು ಸಾಧ್ಯವಾಯಿತು. ನಮ್ಮ ಮೊಬೈಲಿನ ಒಂದು ವಿಡಿಯೊಗೂ ಅಷ್ಟೇ ಬೇಕಾದದ್ದು. ಶುರುವಿನಲ್ಲಿ ಬಾರಿಸುವವರೇ ತಮ್ಮ ಹೆಸರು, ಊರು, ಯಾರಿಂದ ಕಲಿತದ್ದೆಂದು ಹೇಳಲಿ. ಇದು ಯಾವುದರ ಏಟು ಎಂದೂ ಹೇಳಲಿ. ಆಮೇಲೆ ವೇದಿಕೆಯ ಐದು ನಿಮಿಷಕ್ಕೆ ಕತ್ತರಿಸದೆ, ಅದು ಎಷ್ಟು ಹೊತ್ತಿನದೋ ಅಷ್ಟನ್ನೂ ಹಿಡಿಯಬೇಕು. ಸಾವಿನ ಏಟನ್ನು ಕೇಳುವ ಮುಂಚೆ ಅದನ್ನು ಬಾರಿಸಲು ಅವರಿಗೆ ಮನಸ್ಸಿದೆಯೇ ಎಂದು ಕೇಳಬೇಕು. ಇಲ್ಲವೆಂದರೆ ಅಲ್ಲಿಗೆ ಬಿಡಬೇಕು. ಬಂದದ್ದಕ್ಕೆ ಸಂಭಾವನೆ ಕೊಡಬೇಕು, ಶಾಲು ಸಾಲದು.

ಪ್ರತಿಗಳು ಎಲ್ಲಿರಬೇಕು ಎಂಬುದೊಂದು ಉಳಿಯಿತು. ರಾಮನಗರದ ಜಾನಪದ ಲೋಕದಲ್ಲಿ, ಹಾವೇರಿಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದಲ್ಲಿ ಒಂದೊಂದು ಇದ್ದರೆ ಒಳ್ಳೆಯದೇ. ಆದರೆ ಶ್ರೀನಿವಾಸಪುರದ ಹುಡುಗಿ ತನ್ನ ಅಜ್ಜಿಯ ಧಾಟಿ ಕೇಳಲು ಹಾವೇರಿಗೆ ಬಸ್ಸು ಹತ್ತುವಂತಾಗಬಾರದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವುಗಳಲ್ಲಿ ಕಂಪ್ಯೂಟರೂ ಇದೆ. ಒಂದು ಪಂಚಾಯಿತಿಯ ಹಳ್ಳಿಗಳ ಹಾಡು, ಏಟು, ಮೇಷ್ಟ್ರ ನೋಟುಪುಸ್ತಕದ ಛಾಯಾಚಿತ್ರಗಳು, ಎಲ್ಲಕ್ಕೂ ಅಲ್ಲೊಂದು ಹಾರ್ಡ್ ಡಿಸ್ಕ್ ಸಾಕು. ಕಡತಗಳಿಗೆ ಹೆಸರಿಡುವಾಗ ಹಾಡಿನ ಹೆಸರಿಗಿಂತ ಮೊದಲು ಹಾಡಿದವರ ಹೆಸರನ್ನು ಬರೆಯಬೇಕು. ಮೊಮ್ಮಕ್ಕಳು ಹುಡುಕುತ್ತ ಬರುವುದು ಆ ಹೆಸರಿನಿಂದಲೇ.